ಹಿಟ್ಟಣ್ಣನ ಸ್ನಾನ

ಶವರ್ ಕೆಳಗೆ ನಿಂತಿದ್ದ ಹಿಟ್ಟಣ್ಣನ ನೆತ್ತಿ ಮೇಲೆ ಮೊದಲನೇ ಹನಿ ಬಿತ್ತು. ಎರಡನೇದು ಬರ್ಬೇಕಾ ಬೇಡ್ವಾ ಅಂತ ಯೋಚ್ನೆ ಮಾಡ್ತಾ ಅಲ್ಲೇ ತೂಗಾಡ್ತಿತ್ತು.

ಬೇರೆ ಯಾರಿಗಾದ್ರೂ ಆಗಿದ್ರೆ ಇದು ಸಣ್ಣ ವಿಷಯ. ಆದ್ರೆ ಹಿಟ್ಟಣ್ಣ ಕೆಲಸ ಮಾಡೋದು ಹಿಟ್ಟಿನ ಗಿರಣೀಲಿ. ಹುಬ್ಬು, ರೆಪ್ಪೆ, ಕಿವಿ ಸಂದಿ, ಎಲ್ಲಾ ಕಡೆ ಹಿಟ್ಟು. ಅಪ್ಪ ಅಮ್ಮ ಇಟ್ಟ ಹೆಸರು ಒಂದಿತ್ತು, ಅದೂ ಹಿಟ್ಟಲ್ಲೇ ಮುಚ್ಚಿಹೋಗಿತ್ತು. ಹಿಟ್ಟಿಗೆ ಜಾಸ್ತಿ ನೀರು ಬಿದ್ರೆ ತೊಳ್ದು ಹೋಗತ್ತೆ. ಕಮ್ಮಿ ಬಿದ್ರೆ ಏನಾಗತ್ತೆ ಅಂತ ಅಡುಗೆಮನೆ ಕಂಡೋರಿಗೆಲ್ಲ ಗೊತ್ತು.

ಅದೂ ಇವತ್ತೇ ಆಗ್ಬೇಕಿತ್ತಾ? ಸಂಜೆ ಕೆರೆ ದಂಡೆ ಬೆಂಚಿಗೆ ಬೇಕರಿ ಹುಡುಗಿ ಬರೋಳಿದ್ಲು.

ಆ ಹುಡುಗಿ ಬೇಕರಿಗೆ ಹಿಟ್ಟು ತಗೊಳೋಕೆ ವಾರ ವಾರ ಗಿರಣಿಗೆ ಬರ್ತಿದ್ಲು. ಗಿರಣಿ ಸದ್ದಲ್ಲಿ ಮಾತು ಕೇಳ್ಸಲ್ಲ, ಹಂಗಾಗಿ ಅವ್ರ ಸ್ನೇಹ ಪೂರ್ತಿ ಕೈಸನ್ನೇಲೇ ಬೆಳೆದಿತ್ತು. ಅವಳು ಎರಡು ಬೆರಳು ಎತ್ತಿದ್ರೆ ಎರಡು ಮೂಟೆ. ನಕ್ರೆ ಹಿಟ್ಟಣ್ಣಂಗೆ ಆ ವಾರ ಪೂರ್ತಿ ನೆಲ ಕಾಲಿಗೆ ಸಿಗ್ತಿರ್ಲಿಲ್ಲ. ಹೋದ ವಾರ ಕರೆಂಟ್ ಹೋಗಿ ಗಿರಣಿ ಗಪ್ಪಂತ ನಿಂತ್ಕೊಳ್ತು. ಕಿಟಕಿ ಬಿಸಿಲಲ್ಲಿ ಹಿಟ್ಟಿನ ಧೂಳು ಮಿಣಮಿಣ ಅಂತ ಇಳೀತಿತ್ತು. ಆಗ ಅವಳು ಮೆಲ್ಲಗೆ ಅಂದ್ಲು: "ಭಾನುವಾರ ಸಂಜೆ ಕೆರೆ ಹತ್ರ ಬರ್ತೀರಾ? ಒಂದ್ಸಲ ಸ್ನಾನ ಮಾಡ್ಕೊಂಡು ಬನ್ನಿ. ಈ ಹಿಟ್ಟಿನ ಹಿಂದೆ ಯಾರಿದಾರೆ ಅಂತ ನೋಡ್ಬೇಕು."

ಹಿಟ್ಟಣ್ಣ ಜೋರಾಗಿ ತಲೆ ಆಡ್ಸಿದ. ಆಡ್ಸಿದ ರಭಸಕ್ಕೆ ಅರ್ಧ ಸೇರು ಹಿಟ್ಟು ಉದುರ್ತು.

ಈಗ ನೋಡಿದ್ರೆ ಈ ಶವರ್.

"ಅಕ್ಕಾ, ನೀರು ಬರ್ತಿಲ್ಲ ಕಣೆ."

"ಅದು ಕರೆಂಟ್ ಶವರ್ ಕಣೋ. ನೀರು ಜೋರಾಗಿ ಬಂದ್ರೆ ಮಾತ್ರ ಬಿಸಿ ಆಗೋದು ಅಂತ ನಿಮ್ ಭಾವ ಹೇಳಿರ್ಲಿಲ್ವಾ?"

"ಜೋರಾಗಿ ಬರ್ತಿಲ್ಲ ಅಂತಾನೇ ನಾನು ಹೇಳ್ತಿರೋದು."

ಬಕೆಟ್ಟಿಗೆ ಹಿಡ್ಕೊಳೋಣ ಅಂದ್ರೆ ನಲ್ಲೀಲೂ ಅದೇ ಕತೆ. ಆ ಬಕೆಟ್ ತುಂಬೋಷ್ಟರಲ್ಲಿ ಹಿಟ್ಟಣ್ಣ ಅಜ್ಜ ಆಗಿರ್ತಿದ್ದ.

ಅಕ್ಕನ ಗಂಟಲು ದೊಡ್ಡದು. ಮಹಡಿ ಮನೆ ಮೇಷ್ಟ್ರು ಇಳ್ಕೊಂಡು ಬಂದ್ರು. "ತೂತುಗಳು ಕಟ್ಕೊಂಡಿರತ್ತಮ್ಮ. ಸೂಜಿ ತಾ," ಅಂತ ಕನ್ನಡಕ ಏರಿಸ್ಕೊಂಡು ಸ್ಟೂಲ್ ಹತ್ತಿದ್ರು. ಹಿಟ್ಟಣ್ಣ ಟವೆಲ್ ಸುತ್ಕೊಂಡು ಮೂಲೇಲಿ ನಿಂತ. ಮೇಷ್ಟ್ರು ಕಸೂತಿ ಹಾಕೋ ಹಾಗೆ ಒಂದೊಂದೇ ತೂತು ಚುಚ್ಚಿದ್ರು. ಕೊನೇಗೆ ಒಂದು ತೂತಿಂದ ಪಿಚಕ್ಕಂತ ನೀರು ಹಾರಿ ಅವರ ಕನ್ನಡಕ ತೊಳೀತು. ಮಿಕ್ಕಿದ್ದೆಲ್ಲ ಮೌನವ್ರತ.

"ತೂತಲ್ಲ ಮೇಷ್ಟ್ರೇ, ಪೈಪ್ ತಿರುಚ್ಕೊಂಡಿದೆ," ಅಂತ ಪಕ್ಕದ ಮನೆ ದೊಡ್ಡಮ್ಮ ಹೇಳ್ದೆ ಕೇಳ್ದೆ ಒಳಗೆ ನುಗ್ಗಿ, ಪೈಪನ್ನ ಹಸು ಬಾಲದ ಹಾಗೆ ಹಿಡ್ದು ಎಳೆದ್ರು. ನೀರು ನೂಲಿನಷ್ಟಿದ್ದಿದ್ದು ದಾರದಷ್ಟಾಯ್ತು. ಶವರಿನ ಕೆಂಪು ದೀಪ ಹತ್ಕೊಳ್ತು.

"ನೋಡಿದ್ಯಾ? ನಿಂತ್ಕೊಳೋ, ನಿಂತ್ಕೊಳೋ," ಅಂದ್ರು ದೊಡ್ಡಮ್ಮ.

ಹಿಟ್ಟಣ್ಣ ನಿಂತ್ಕೊಂಡ. ದಾರದಷ್ಟು ನೀರು, ಕುದಿಯೋಷ್ಟು ಬಿಸಿ. ಹಿಟ್ಟಿಗೆ ಒಂಚೂರು ಬಿಸಿನೀರು ಬಿದ್ರೆ ಗೋಂದಾಗತ್ತೆ ಅಂತ ಗೋಡೆಗೆ ಪೋಸ್ಟರ್ ಅಂಟಿಸೋರನ್ನ ಕೇಳಿ, ಹೇಳ್ತಾರೆ. ಕೂದಲು ಗಟ್ಟಿಯಾಯ್ತು. ಬಲಗೈ ಟವೆಲ್ಲಿಗೆ ಮೆತ್ಕೊಳ್ತು. ಎರಡೂ ಕಣ್ಣು ಅಂಟ್ಕೊಂಡ್ವು.

ಕಣ್ಣು ಮುಚ್ಚಿದ್ದೇ ತಡ, ಹಿಟ್ಟಣ್ಣ ಅಲ್ಲಿಂದ ಹೊರಟೇಹೋದ. ಕೆರೆ ಕಾಣ್ತು. ಹಾಲಿನ ಹಾಗೆ ಬಿಳೀ ಕೆರೆ. ಅದರ ಮೇಲೆ ಬೇಕರಿ ಹುಡುಗಿ ಸದ್ದಿಲ್ದೆ ನಡ್ಕೊಂಡು ಬಂದು, ಎರಡು ಬೆರಳು ಎತ್ತಿದ್ಲು. ಮೂಟೆ ಅಲ್ಲ, ನಾವಿಬ್ರು ಅಂತ.

"ಇವ್ನೇನು ನಿಂತಲ್ಲೇ ನಿದ್ದೆ ಹೋದ್ನಾ?" ಅಂತ ಭಾವನ ದನಿ ಕೇಳಿ ಕೆರೆ ಆವಿಯಾಯ್ತು.

ಭಾವನದು ಮೋಟಾರ್ ರಿಪೇರಿ ಅಂಗಡಿ. ಅವರಿಗೆ ಲೋಕದ ಕಷ್ಟಕ್ಕೆಲ್ಲ ಒಂದೇ ಔಷಧಿ. "ಪ್ರೆಶರ್ ತಾನೆ? ಬೀದಿ ಪೈಪಿಗೇ ಒಂದು ಪಂಪ್ ಕೂರ್ಸೋಣ."

ಮೇಷ್ಟ್ರು ಕನ್ನಡಕ ಒರೆಸ್ತಾ, "ಆ ನೀರು ಕೆಳಗಿನ ಬೀದಿಗೂ ಹೋಗ್ಬೇಕಲ್ಲಪ್ಪ," ಅಂದ್ರು.

"ಒಂದು ಸ್ನಾನಕ್ಕೆ ಎಷ್ಟು ಬೇಕು ಮೇಷ್ಟ್ರೇ. ಮದುವೆ ವಯಸ್ಸಿನ ಹುಡುಗ, ಹೀಗೇ ಒಣಗಕ್ಕೆ ಬಿಟ್ರೆ ನಾಳೆ ಉಳಿ ಸುತ್ತಿಗೆ ತರ್ಬೇಕಾಗತ್ತೆ."

ಪಂಪ್ ಗುರ್ರಂತು. ಗೋಡೆಯೊಳಗಿನ ಪೈಪು ತೇಗಿತು. ಆಮೇಲೆ ಬಂತು ನೋಡಿ ನೀರು. ಬೆಚ್ಚಗೆ, ಮೆತ್ತಗೆ, ಯಾರೋ ತಲೆ ಸವರಿದ ಹಾಗೆ. ವರ್ಷಗಳ ಹಿಟ್ಟು ಬಿಳೀ ಹೊಳೆಯಾಗಿ ಕಾಲಡಿ ಹರೀತು. ಹಿಟ್ಟಣ್ಣ ಟೈಮ್ ಮರೆತ, ಊರು ಮರೆತ. ಅಕ್ಕ ಬಾಗಿಲು ಬಡಿದ ಮೇಲೇ ಈಚೆ ಬಂದಿದ್ದು.

ಜಗಲೀಲಿ ಕೂತಿದ್ದ ದೊಡ್ಡಮ್ಮ ಅವನನ್ನ ನೋಡಿ, "ಯಾರು ಬೇಕಿತ್ತಪ್ಪ?" ಅಂದ್ರು.

ಕೆರೆ ದಂಡೇಲಿ ಮೋಡ ಕವ್ಕೊಂಡು ತಂಪಾಗಿತ್ತು. ಹಿಟ್ಟಣ್ಣ ಬೆಂಚಿನ ಒಂದು ತುದೀಲಿ ಕೂತ. ಸ್ವಲ್ಪ ಹೊತ್ತಿಗೆ ಬೇಕರಿ ಹುಡುಗಿ ಬಂದ್ಲು. ತಲೆಗೆ ಟವೆಲ್, ಕಿವಿ ಹಿಂದೆ ಒಣಗಿದ ನೊರೆ, ಮುಖ ಮಾತ್ರ ಕೆಂಡ. ಅವನನ್ನ ಒಂದ್ಸಲ ನೋಡಿ ಇನ್ನೊಂದು ತುದೀಲಿ ಕೂತ್ಲು.

ಅವನು ಬಾಯಿ ತೆಗೆಯೋಷ್ಟರಲ್ಲಿ ಅವಳೇ ಕೇಳಿದ್ಲು: "ಹಿಟ್ಟು ಮೆತ್ಕೊಂಡಿರೋರು ಯಾರಾದ್ರೂ ಈ ಕಡೆ ಬಂದ್ರಾ? ಸ್ನಾನ ಮಾಡ್ಕೊಂಡು ಬನ್ನಿ ಅಂದಿದ್ದೆ. ಪಾಪ, ಇವತ್ತು ಅವರಿಗೆ ನೀರೆಲ್ಲಿ ಸಿಗತ್ತೆ."

"ಯಾ... ಯಾಕೆ?"

"ನಾನು ತಲೆಗೆ ಶಾಂಪೂ ಹಚ್ಕೊಂಡಿದ್ದೆ ಅಷ್ಟೇ, ನಲ್ಲಿ ನಿಂತೇಹೋಯ್ತು. ನಮ್ಮ ಕೆಳಗಿನ ಬೀದಿಗೆ ಒಂದು ಹನಿ ಇಲ್ಲ. ಯಾವನೋ ಪುಣ್ಯಾತ್ಮ ಪಂಪ್ ಇಟ್ಟು ಎಲ್ಲಾ ಎಳ್ಕೊಂಡಿದಾನಂತೆ. ನಮ್ಮಪ್ಪ ದೊಣ್ಣೆ ತಗೊಂಡು ಹುಡುಕ್ತಿದಾರೆ." ಅವಳ ಕಣ್ಣು ಅವನ ತಲೆ ಮೇಲೆ ಬಿತ್ತು. "ಅಲ್ಲಾ, ನಿಮ್ಮ ತಲೆ ಯಾಕ್ರೀ ಒದ್ದೆ?"

"ಬೆವರು."

"ಬೆವರಿಗೆ ಸೋಪಿನ ವಾಸನೆ ಬರತ್ತಾ?"

ಹಿಟ್ಟಣ್ಣ ಎದ್ದ. ಎದ್ದೋನು ಓಡಿದ. ಗಿರಣಿ ಬೀಗದ ಕೈ ಜೇಬಲ್ಲೇ ಇತ್ತು. ಒಳಗೆ ಹೋಗಿ ಕಣ್ಮುಚ್ಕೊಂಡು ಮೂಟೆಯೊಳಗೆ ತಲೆ ಅದ್ದಿ, ಕೈಗೂ ಬಟ್ಟೆಗೂ ಬಳ್ಕೊಂಡ. ಒದ್ದೆ ತಲೆ, ಹಿಟ್ಟು ಚೆನ್ನಾಗೇ ಹಿಡೀತು. ತಿರುಗಿ ಬೆಂಚಿನ ಹತ್ರ ಬಂದಾಗ ಅವಳ ಮುಖ ದೀಪ ಹಚ್ಚಿದ ಹಾಗೆ ಅರಳ್ತು.

"ಬಂದ್ರಾ? ಪಾಪ, ನಿಮಗೂ ನೀರು ಸಿಗ್ಲಿಲ್ಲ ಅಲ್ವಾ?"

ಹಿಟ್ಟಣ್ಣ ತಲೆ ಆಡ್ಸಿದ. ಈ ಸಲ ಒಂದು ಚಿಟಿಕೇನೂ ಉದುರ್ಲಿಲ್ಲ.

"ಆ ನೀರ್ಗಳ್ಳ ಈಗ ಇಲ್ಲೇ ಕೂತಿದ್ದ ಗೊತ್ತಾ. ನೋಡೋಕೆ ಏನೋ ಲಕ್ಷಣವಾಗೇ ಇದ್ದ. ಆದ್ರೆ ಆ ಮುಖಾನ ಮಾತ್ರ ಜನ್ಮದಲ್ಲಿ ಮರೆಯಲ್ಲ ನಾನು. ಇನ್ನೊಂದ್ಸಲ ಕಣ್ಣಿಗೆ ಬೀಳ್ಲಿ." ಅವಳು ಅವನ ಬಿಳೀ ಕೈ ಮೇಲೆ ತನ್ನ ಕೈ ಇಟ್ಲು. "ನೀವು ಹೀಗೇ ಚೆನ್ನಾಗಿದೀರ, ಬಿಡಿ."

ಕೆರೆ ನಿಜಕ್ಕೂ ಹಾಲಿನ ಹಾಗೇ ಕಾಣ್ತಿತ್ತು. ಹಿಟ್ಟಣ್ಣ ತೇಲ್ತಿದ್ದ. ಆಗ ಮೂಗಿನ ಮೇಲೆ ಒಂದು ಹನಿ ಬಿತ್ತು.

ಮೇಲೆ ನೋಡಿದ. ಎರಡನೇ ಹನಿ ಏನೂ ಯೋಚ್ನೆ ಮಾಡ್ಲಿಲ್ಲ. ಅದರ ಹಿಂದೆ ಇಡೀ ಆಕಾಶವೇ ಬಂತು. ಪ್ರೆಶರ್ ತುಂಬಾ ಚೆನ್ನಾಗಿತ್ತು.