ಡ್ರೈವರಣ್ಣನ ಗೆಸ್ಟ್ ಹೌಸು

ನಿವೃತ್ತನಾಗಿ ಮನೆಗೆ ಬಂದ ದಿನವೇ ಡ್ರೈವರಣ್ಣ ಹಿತ್ತಲಿನ ಖಾಲಿ ಕೊಟ್ಟಿಗೆಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತು ಘೋಷಿಸಿಬಿಟ್ಟ.

"ಇಲ್ಲಿ ಜನ ದುಡ್ಡು ಕೊಟ್ಟು ಮಲಗೋ ಹಾಗೆ ಮಾಡ್ತೀನಿ, ನೋಡ್ತಿರು."

ಬಟ್ಟೆ ಒಣಹಾಕುತ್ತಿದ್ದ ಹೆಂಡತಿ ತಿರುಗಿಯೂ ನೋಡಲಿಲ್ಲ. "ಬೇಸಿಗೇಲಿ ಹಸುಗಳೇ ಅದರೊಳಗೆ ಹೋಗೋಕೆ ಒಪ್ತಿರ್ಲಿಲ್ಲ," ಎಂದಳು.

ಅವಳ ಮಂಡಿ ಕೈಕೊಟ್ಟ ಮೇಲೆ ಹಸುಗಳನ್ನು ಮಾರಿ, ಕೊಟ್ಟಿಗೆ ಬರಿದಾಗಿತ್ತು. ಡ್ರೈವರಣ್ಣನಾದರೋ ಜೀವಮಾನವೆಲ್ಲ ಪ್ರವಾಸಿ ಬಸ್ಸು ಓಡಿಸಿದವನು. ಪೇಟೆಯ ಜನ ಹುಲ್ಲಿನ ಬಣವೆ ಕಂಡರೂ ಬಸ್ಸು ನಿಲ್ಲಿಸಿ ಫೋಟೋ ತೆಗೆಸಿಕೊಳ್ಳುವುದನ್ನು ಕನ್ನಡಿಯಲ್ಲಿ ನೋಡಿ ನೋಡಿ, ಇವರಿಗೆ ಬೇಕಾದ ಸ್ವರ್ಗ ತನ್ನ ಹಿತ್ತಲಲ್ಲೇ ಬಿದ್ದಿದೆ ಎಂದು ಅವನಿಗೆ ಮನದಟ್ಟಾಗಿಹೋಗಿತ್ತು. ಗೋಡೆಗೆ ಸುಣ್ಣವಾಯಿತು, ಕಿಟಕಿಗೆ ಪರದೆಯಾಯಿತು, ಹಸುಗಳು ಮೇವು ತಿನ್ನುತ್ತಿದ್ದ ಗೋದಲಿ ಹೋಗಿ ಕೈತೊಳೆಯುವ ತೊಟ್ಟಿಯಾಯಿತು. ಗಂಜಲ ಹರಿದುಹೋಗಲೆಂದು ಕೊಟ್ಟಿಗೆಯ ನೆಲವನ್ನು ಒಂದು ಕಡೆಗೆ ಇಳಿಜಾರು ಮಾಡಿರುತ್ತಾರಲ್ಲ, ಅದೊಂದನ್ನು ಮಟ್ಟ ಮಾಡಿಸುವ ತಾಳ್ಮೆ ಮಾತ್ರ ಅವನಿಗಿರಲಿಲ್ಲ. ಅದರ ಮೇಲೆಯೇ ಮಿರಮಿರ ಟೈಲ್ಸ್ ಕೂರಿಸಿ, ಚಕ್ರದ ಮಂಚಗಳನ್ನು ತಂದಿಟ್ಟ. ಪರೀಕ್ಷೆಗೆಂದು ಗಂಡಹೆಂಡಿರು ಆ ಗೋಡೆಗೊಂದು ಈ ಗೋಡೆಗೊಂದು ಮಂಚದಲ್ಲಿ ಮಲಗಿದವರು, ಬೆಳಗಾಗುವಷ್ಟರಲ್ಲಿ ಎರಡೂ ಮಂಚಗಳ ಸಮೇತ ಮೋರಿಯ ಮೂಲೆಗೆ ಬಂದು ಒತ್ತಿಕೊಂಡಿದ್ದರು.

"ಮದುವೆಯಾದ ಮೇಲೆ ನೀವಾಗಿ ನನ್ನ ಹತ್ತಿರ ಬಂದಿದ್ದು ಇದೇ ಮೊದಲು," ಎಂದಳು ಹೆಂಡತಿ.

ಮಂಚದ ಚಕ್ರ ಕಳಚಿಸಿದ್ದಾಯಿತು. ಆದರೆ ಕೊಟ್ಟಿಗೆಯನ್ನು ವಸತಿಯಾಗಿ ಬದಲಾಯಿಸಲು ಕಟ್ಟಡ ಪರವಾನಗಿ ಕಚೇರಿಯ ಒಪ್ಪಿಗೆ ಬೇಕಿತ್ತು. ಅಕ್ಕಪಕ್ಕದವರ ಆಕ್ಷೇಪವನ್ನೂ ಅಲ್ಲಿ ಕೇಳುತ್ತಾರೆ. ತನ್ನ ಮೇಲೆ ಆಕ್ಷೇಪವೆತ್ತುವ ಗಂಡಸು ಯಾರಿದ್ದಾನೆ ಎಂದು ಎದೆಯುಬ್ಬಿಸಿ ಹೋದ ಡ್ರೈವರಣ್ಣ ಜೋಲುಮೋರೆ ಹಾಕಿಕೊಂಡು ಬಂದ. ಇವನ ಮನೆಗೆ ಬರುವ ಓಣಿಯ ಬಾಯಲ್ಲೇ ಮನೆಯಿದ್ದ ದರ್ಜಿ, ಚಡ್ಡಿ ಹಾಕುವ ಕಾಲದಿಂದ ಇವನ ಜೊತೆ ಬೆಳೆದವನು, ತಕರಾರು ಕೊಟ್ಟಿದ್ದ. ಓಣಿ ಇಕ್ಕಟ್ಟು, ಪ್ರವಾಸಿಗಳ ಕಾರುಗಳು ನುಗ್ಗಿದರೆ ಮನೆಯಲ್ಲಿರುವ ರೋಗಿಗೆ ತೊಂದರೆ ಎಂದು.

ರೋಗಿ ಅಂದರೆ ದರ್ಜಿಯ ಹೆಂಡತಿ. ಗಾಳಿ ಬರಲೆಂದು ಅವಳ ಮಂಚವನ್ನು ಓಣಿಯ ಕಿಟಕಿಗೆ ಒತ್ತಿ ಹಾಕಿದ್ದರು. ಸಣ್ಣ ಸದ್ದಿಗೂ ಬೆಚ್ಚುವಳೆಂದು ದರ್ಜಿ ಹೊಲಿಗೆ ಯಂತ್ರವನ್ನೇ ಮುಚ್ಚಿಟ್ಟಿದ್ದ. ಡ್ರೈವರಣ್ಣನನ್ನು ಅವಳು ಅಣ್ಣ ಎಂದೇ ಕರೆಯುತ್ತಿದ್ದಳು. ಇದೆಲ್ಲ ಗೊತ್ತಿದ್ದೂ ಅವನಿಗೆ ಹೊಟ್ಟೆ ಉರಿಯಿತು. ದರ್ಜಿ ಬರೆದಿದ್ದರಲ್ಲಿ ಸುಳ್ಳು ಯಾವುದಿದೆ ಎಂದು ತನ್ನ ಹೆಂಡತಿ ಕೇಳಿದ್ದಕ್ಕೆ ಅವಳೊಡನೆಯೂ ಮಾತು ಬಿಟ್ಟ.

ಓಣಿ ಇಕ್ಕಟ್ಟಲ್ಲ ಎಂದು ಸಾಧಿಸಲು ಒಂದು ಬೆಳಿಗ್ಗೆ ಗ್ಯಾರೇಜಿನವನ ದೊಡ್ಡ ವ್ಯಾನು ತಂದ. ಬೆಟ್ಟದ ತಿರುವುಗಳಲ್ಲಿ ಬಸ್ಸನ್ನು ಬೆಣ್ಣೆಯಂತೆ ಜಾರಿಸಿದವನಿಗೆ ಇದೊಂದು ಓಣಿಯೇ! ವ್ಯಾನು ಓಣಿಯ ಬಾಯಿಗೆ ನುಗ್ಗಿದ್ದೇ ಕರ್ರ್ ಎಂದು ಎರಡೂ ಗೋಡೆಗಳ ನಡುವೆ ಬೆಣೆಯಂತೆ ಕೂತುಬಿಟ್ಟಿತು. ಮುಂದಕ್ಕಿಲ್ಲ, ಹಿಂದಕ್ಕಿಲ್ಲ, ಬಾಗಿಲು ತೆರೆಯುವ ಹಾಗಿಲ್ಲ. ಸಿಟ್ಟಿನಲ್ಲಿ ಗುದ್ದಿದ ಏಟಿಗೆ ಹಾರನ್ನು ಒಳಗೇ ಸಿಕ್ಕಿಕೊಂಡು ಊರು ಎದ್ದು ಕೂರುವಂತೆ ಬೊಬ್ಬಿಡತೊಡಗಿತು. ಪಕ್ಕಕ್ಕೆ ತಿರುಗಿ ನೋಡಿದರೆ ಮೊಳದ ದೂರದಲ್ಲಿ ಅದೇ ಕಿಟಕಿ, ದಿಂಬಿನ ಮೇಲೆ ಅದೇ ಮುಖ. ಸೊರಗಿ ಕಡ್ಡಿಯಂತಾಗಿದ್ದಳು.

ಅವಳು ಕಣ್ಣರಳಿಸಿ ನೋಡಿದಳು. ಹಾರನ್ನಿನ ನಡುವೆ ತುಟಿಯ ಚಲನೆಯಿಂದಲೇ ಅವನು ಮಾತು ಹಿಡಿಯಬೇಕಾಯಿತು.

"ಏನಣ್ಣಾ, ನನ್ನನ್ನ ಕರ್ಕೊಂಡು ಹೋಗೋಕೆ ಬಂದ್ಯಾ? ಇನ್ನೂ ಟೈಮ್ ಆಗಿಲ್ಲ ಕಣೋ."

ನಕ್ಕಳು. ಅವನಿಗೆ ನಗಲೂ ಆಗಲಿಲ್ಲ, ಮುಖ ಮರೆಸಿಕೊಳ್ಳಲು ಜಾಗವೂ ಇರಲಿಲ್ಲ. ಅಷ್ಟರಲ್ಲಿ ದರ್ಜಿ ವ್ಯಾನಿನ ಮುಂದೆ ಬಂದು, ಬಾನೆಟ್ಟು ಎತ್ತಿ, ಬಟ್ಟೆ ಕತ್ತರಿಸುವ ಕತ್ತರಿಯಿಂದ ಹಾರನ್ನಿನ ತಂತಿ ಕತ್ತರಿಸಿ, ಹಾಗೆಯೇ ಒಳಗೆ ಹೋದ. ಗ್ಯಾರೇಜಿನವನು ಬಂದು ವ್ಯಾನನ್ನು ಹಿಂದಿನಿಂದ ಎಳೆಸಿದ ಮೇಲೆಯೇ ಡ್ರೈವರಣ್ಣ ಹೊರಗೆ ಬಂದದ್ದು.

ಕೆಲವು ದಿನ ಕಳೆದು ಅವಳು ತೀರಿಕೊಂಡಳು. ಕಾಯಿಲೆಯೇ ಅಂಥದ್ದು ಎಂದು ಎಲ್ಲರೂ ಹೇಳಿದರೂ ಡ್ರೈವರಣ್ಣನ ಕಿವಿಯಲ್ಲಿ ಹಾರನ್ನು ನಿಲ್ಲಲಿಲ್ಲ. ದೂರದೂರಿಂದ ನೆಂಟರು ಬಂದಿಳಿದರು. ದರ್ಜಿಯ ಎರಡು ಕೋಣೆಯ ಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಡ್ರೈವರಣ್ಣ ಯಾರನ್ನೂ ಕೇಳದೆ ಗೆಸ್ಟ್ ಹೌಸಿನ ಬೀಗ ತೆಗೆದು, ಹೊಸ ಹಾಸಿಗೆ ಬಿಡಿಸಿ, ನೀರು ತುಂಬಿಸಿದ. ವಿಹಾರಕ್ಕೆ ಬರುವವರಿಗೆಂದು ಸಿಂಗರಿಸಿದ ಕೋಣೆಗೆ ಮೊದಲು ಬಂದದ್ದು ಅತ್ತು ಕಣ್ಣು ಊದಿಸಿಕೊಂಡವರು. ತಗ್ಗು ಬಾಗಿಲಿಗೆ ಒಬ್ಬೊಬ್ಬರೂ ಹಣೆ ಬಡಿಸಿಕೊಂಡೇ ಒಳಗೆ ಹೋದರು. ಬಾಗಿಲ ಬಳಿ ನಿಂತು "ತಲೆ, ತಲೆ" ಎನ್ನುವುದೇ ಅವನಿಗೆ ಕೆಲಸವಾಯಿತು.

ನೆಂಟರು ಹೊರಟ ಮಾರನೆಯ ದಿನ, ತನ್ನ ಮನೆಯಿಂದ ತಂದಿದ್ದ ಚಾದರಗಳನ್ನು ಒಯ್ಯಲು ದರ್ಜಿ ಬಂದ. ತಿಂಗಳುಗಟ್ಟಲೆ ಒಬ್ಬನೇ ಆರೈಕೆ ಮಾಡಿದ ಮುಖ ಸೊರಗಿತ್ತು. ಕ್ಷಮೆ ಕೇಳಬೇಕೆಂದು ಡ್ರೈವರಣ್ಣ ಗಂಟಲು ಸರಿಮಾಡಿಕೊಂಡ. ದರ್ಜಿಯೇ ಮೊದಲು ಮಾತಾಡಿದ.

"ನೀನು ಹೋದ್ಮೇಲೆ ಅವಳು ಸಂಜೆವರೆಗೂ ನಗ್ತಾನೇ ಇದ್ಲು ಕಣೋ. ಆಮೇಲೆ ಅವಳು ನಕ್ಕಿದ್ದು ನಾನು ನೋಡ್ಲಿಲ್ಲ."

ಅಷ್ಟು ಹೇಳಿ ಚಾದರ ಮಡಚುತ್ತ ಮಂಚದ ತುದಿಯಲ್ಲಿ ಕೂತ. ಕೂತವನು ಹಾಗೆಯೇ ಒರಗಿದ. ಡ್ರೈವರಣ್ಣ ಮುಖ ತೊಳೆದುಕೊಂಡು ಬರುವಷ್ಟರಲ್ಲಿ ದರ್ಜಿ ಅರ್ಧ ಮಡಚಿದ ಚಾದರವನ್ನು ತಬ್ಬಿಕೊಂಡು ಗಾಢ ನಿದ್ದೆಯಲ್ಲಿದ್ದ. ಇವನು ಬಾಗಿಲು ಮುಂದಕ್ಕೆಳೆದು, ಅಂಗಳದ ಕೋಳಿಗಳನ್ನು ದೂರ ಓಡಿಸಿ, ಹೊಸ್ತಿಲ ಮುಂದೆ ಕಾವಲು ಕೂತ.

ಅದೇ ಹೊತ್ತಿಗೆ ಸರಿಯಾಗಿ ಪರವಾನಗಿ ಅಧಿಕಾರಿ ಸ್ಥಳ ಪರಿಶೀಲನೆಗೆ ಬಂದರು. ಓಣಿ ನೋಡಿದರು, ಮೋರಿ ನೋಡಿದರು, ಅಡ್ಡಡ್ಡ ತಲೆಯಾಡಿಸಿದರು. ತಕರಾರು ಕೊಟ್ಟವರ ಹೇಳಿಕೆ ಬೇಕು, ಕರೆಸಿ ಎಂದರು.

"ಮಲಗಿದಾರೆ ಸಾರ್."

"ಅವರ ಮನೆಗೆ ನಾನೇ ಹೋಗ್ತೀನಿ. ಎಲ್ಲಿ ಬರುತ್ತೆ?"

ಡ್ರೈವರಣ್ಣ ಬಾಗಿಲನ್ನು ಸ್ವಲ್ಪವೇ ಸರಿಸಿ ತೋರಿಸಿದ. ಒಳಗಿನಿಂದ ಗೊರಕೆ ಕೇಳಿಸಿತು. ಅಧಿಕಾರಿ ಇಣುಕಿ ನೋಡಿ, ಹಿಂದೆ ಸರಿದು, ಕಡತ ಬಿಡಿಸಿದರು.

"ನೋಡಿ, ಏನೇ ಆಗ್ಲಿ," ಎಂದು ಪೆನ್ನು ತೆಗೆದರು. "ಈ ಕಟ್ಟಡ ಮನುಷ್ಯರು ಮಲಗೋಕೆ ಯೋಗ್ಯವಲ್ಲ ಅಂತ ನಾನು ಬರೀಲೇಬೇಕಾಗುತ್ತೆ."

"ಬರ್ಕೊಳ್ಳಿ ಸಾರ್," ಎಂದ ಡ್ರೈವರಣ್ಣ. "ಆದ್ರೆ ಸ್ವಲ್ಪ ಮೆಲ್ಲಗೆ ಬರ್ಕೊಳ್ಳಿ."