ಮಂತ್ರದ ಮೊಸರಿನ ಹೆಪ್ಪು

ಮಂತ್ರದ ಅಡುಗೆಯನ್ನು ನಾನು ನಂಬುವುದಿಲ್ಲ. ಚೆನ್ನೈನ ವೆಸ್ಟ್ ಮಾಂಬಲಂನ ನಮ್ಮ ಫ್ಲ್ಯಾಟಿನಲ್ಲಿ ಅಕ್ಕ ಖಾಲಿ ಪಾತ್ರೆಯ ಮುಂದೆ ಕೂತು ನಾಲ್ಕು ಸಾಲು ಗೊಣಗಿದರೆ ಹುಳಿ, ಪಲ್ಯ, ಮೊಸರು ತಾವೇ ಬಂದು ತುಂಬಿಕೊಳ್ಳುತ್ತವೆ. ಅಕ್ಕಪಕ್ಕದ ಮನೆಗಳಲ್ಲೂ ಈಗ ಇದೇ ಪದ್ಧತಿ. ತೊಂದರೆ ಇರುವುದು ಅದು ಕೆಡುವ ರೀತಿಯಲ್ಲಿ. ಒಲೆಯ ಮೇಲೆ ಬೆಂದ ಅನ್ನ ಈ ಸೆಕೆಗೆ ಸಂಜೆಯೇ ಹಳಸಿ, ವಾಸನೆ ಬೀರಿ, ಪ್ರಾಮಾಣಿಕವಾಗಿ ತಿಳಿಸುತ್ತದೆ. ಮಂತ್ರದ್ದು ಹಾಗಲ್ಲ. ಕೆಟ್ಟ ಮೇಲೂ ಅದೇ ಬಣ್ಣ, ಅದೇ ರುಚಿ. ತಿಂದವನಿಗೆ ಮಾತ್ರ ಹೊಟ್ಟೆ ತುಂಬುವ ಬದಲು ಇನ್ನಷ್ಟು ಹಸಿವು. ಆದ್ದರಿಂದ ನಾನು ಫ್ರಿಜ್ಜಿನ ಪ್ರತಿ ಡಬ್ಬಿಗೂ ತಾರೀಖಿನ ಚೀಟಿ ಅಂಟಿಸುತ್ತೇನೆ.

ಆ ಭಾನುವಾರ ಅಂಬತ್ತೂರಿನಿಂದ ನಾಗರಾಜಯ್ಯನವರು ಊಟಕ್ಕೆ ಬರುವವರಿದ್ದರು. ಅವರ ಮಗಳು ನನ್ನನ್ನು ಒಪ್ಪಿದ್ದಳು. ಅಪ್ಪ ಒಪ್ಪುವುದು ಬಾಕಿ.

“ಇವತ್ತು ಮಂತ್ರ ಬಂದ್,” ಎಂದು ಘೋಷಿಸಿದೆ. ಕೋಯಂಬೇಡು ಮಾರ್ಕೆಟ್ಟಿನಿಂದ ತರಕಾರಿ ತಂದು ನಾನೇ ಒಲೆ ಹಚ್ಚಿದೆ. ಹಿಂದಿನ ದಿನವೇ ಅಸಲಿ ಹಾಲು ಕಾಯಿಸಿ ಹೆಪ್ಪು ಹಾಕಿದ್ದೆ.

“ಏನೋ, ಪೊಲೀಸ್ ನಾಯಿ ಥರ ಎಲ್ಲಾ ಮೂಸ್ತಿದೀಯ?” ಎಂದಳು ಅಕ್ಕ.

“ಕನ್ಯಾಪಿತೃವಿನ ಉದರದ ಸಂಪೂರ್ಣ ಹೊಣೆ ನನ್ನದು.”

ಹುಳಿ, ಪಲ್ಯ ಉಂಡು ನಾಗರಾಜಯ್ಯನವರು ತೃಪ್ತಿಯಿಂದ ನಕ್ಕರು. ಕೊನೆಗೆ ಮೊಸರನ್ನ. ಜೊತೆ ಕೊಡಲೆಂದು ನಾನೂ ಕಲಸಿಕೊಂಡೆ. ನಾಲ್ಕು ತುತ್ತಾಯಿತು. ಅವರ ನಗು ಮಾಯವಾಯಿತು.

“ಇನ್ನೊಂಚೂರು ಅನ್ನ ಸಿಗುತ್ತೇನಮ್ಮಾ?”

ಅಕ್ಕ ಬಡಿಸಿದಳು. ಅವರು ಮತ್ತೆ ಮೊಸರು ಕಲಸಿದರು, ಮತ್ತೆ ಕೇಳಿದರು. ಪಾತ್ರೆಯ ತಳ ಕಂಡಿತು. ಅಕ್ಕ ನನ್ನನ್ನು ಅಡುಗೆಮನೆಗೆ ಎಳೆದಳು.

“ಹೆಪ್ಪಿಗೆ ಮೊಸರು ಎಲ್ಲಿಂದ ತಗೊಂಡೆ?”

“ಫ್ರಿಜ್ಜಿಂದ.”

“ಅದು ನಾನು ಗುರುವಾರ ಮಂತ್ರ ಹಾಕಿದ್ದು ಕಣೋ!”

ನನ್ನ ಚೀಟಿಯಲ್ಲಿ ಹಾಲಿನ ತಾರೀಖು ದುಂಡಗೆ ಬರೆದಿತ್ತು. ಹೆಪ್ಪಿನ ತಾರೀಖು ನನಗೆ ಹೊಳೆದೇ ಇರಲಿಲ್ಲ. ಒಂದು ಚಮಚ ಕೆಟ್ಟ ಮಂತ್ರ ಇಡೀ ಪಾತ್ರೆಯನ್ನು ತನ್ನಂತೆಯೇ ಮಾಡಿಕೊಂಡಿತ್ತು.

“ಊಟ ಚೆನ್ನಾಗಿತ್ತು. ಹಿತಮಿತವಾಗಿತ್ತು,” ಎಂದು ನಾಗರಾಜಯ್ಯನವರು ಮೆಟ್ಟಿಲಿಳಿದರು. ಬಾಲ್ಕನಿಯಿಂದ ನೋಡಿದರೆ, ನೇರ ಎದುರಿನ ಟಿಫಿನ್ ಅಂಗಡಿಗೆ ನುಗ್ಗುತ್ತಿದ್ದಾರೆ.

“ಓಡು, ನಿಜ ಹೇಳು,” ಎಂದಳು ಅಕ್ಕ. “ಇಲ್ಲಾಂದ್ರೆ ಹೆಣ್ಣು ಕೊಟ್ಟ ಹಾಗೇ.”

ಮೊದಲು ಮಂತ್ರ, ಆಮೇಲೆ ಹೆಪ್ಪು, ಕೊನೆಗೆ ಕ್ಷಮೆ ಎಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಓಡಿದೆ. ಅವರ ಎದುರು ಕೂತೆ. ಸಾಂಬಾರಿನ ಘಮ ಮೂಗಿಗೆ ಬಡಿಯಿತು.

“ಅಣ್ಣಾ, ಇಲ್ಲೊಂದು ಪ್ಲೇಟ್ ಇಡ್ಲಿ,” ಎಂದು ಕೂಗಿಬಿಟ್ಟೆ.

ಇಡ್ಲಿ ಬಂದ ಕೂಡಲೇ ನಾನು ಕೈ ಹಾಕಿದ್ದನ್ನು ನಾಗರಾಜಯ್ಯನವರು ನೋಡಿದರು.

“ಆ ಮನೇಲಿ ನಿಮಗೂ ಊಟ ಹಾಕಲ್ವೇನಪ್ಪಾ?”

ಉತ್ತರ ಸಿದ್ಧವಿತ್ತು. ಬಾಯಿ ಖಾಲಿ ಇರಲಿಲ್ಲ.