ಕುದುರೆಗೆ ಊರೆಲ್ಲ ಸಾರಿ ಕೇಳುವಂತೆ ಮಾಡಿದ ಮೂರು ಗಾಲಿಯ ಲಾರಿಗೆ

ಥಾರ್ನ್‌ಬಿ ಊರಿನ ಹಳೆಯ ಗೂಡ್ಸ್ ಶೆಡ್ಡಿನಲ್ಲಿ ತಾಡಪಾಲು ಹೊದ್ದು ವಿಶ್ರಮಿಸುತ್ತಿರುವ ರೈಲ್ವೆ ಲಾರಿಯವರ ದಿವ್ಯ ಬಾನೆಟ್ಟಿಗೆ,

ಮಾನ್ಯರೇ,

ಹೊಸ ಬ್ಯಾಟರಿ, ಹೊಸ ಪ್ಲಗ್ಗು, ಕೊನೆಗೆ ಹೆಂಡತಿ ಬೆರಿಲ್‌ಳ ಒಳ್ಳೆಯ ಟವೆಲ್ಲನ್ನೂ ತಮಗೆ ಅರ್ಪಿಸಿರುವ ನಾನು, ನನ್ನ ಕ್ಷೇಮವನ್ನು ತಾವು ವಿಚಾರಿಸುವುದಿಲ್ಲವೆಂದು ತಿಳಿದೂ ತಮ್ಮನ್ನು ತಳ್ಳಿ ತಳ್ಳಿ ನೊಂದ ಸೊಂಟ ಹಿಡಿದುಕೊಂಡೇ ಬರೆಯುತ್ತಿದ್ದೇನೆ.

ರೈಲಿನಿಂದ ಇಳಿದ ಪಿಯಾನೋ, ಮೀನಿನ ಪೆಟ್ಟಿಗೆ, ಮದುವೆಯ ಕೇಕುಗಳನ್ನು ಮನೆಮನೆಗೆ ಮುಟ್ಟಿಸುತ್ತಿದ್ದ ಕುದುರೆಗಳ ಕೆಲಸ ಕಿತ್ತುಕೊಳ್ಳಲೆಂದೇ ತಾವು ಅವತರಿಸಿದಿರಿ. ಕುದುರೆ ತಿರುಗುವಷ್ಟು ಜಾಗದಲ್ಲೇ ತಿರುಗಲೆಂದು ಮುಂದೆ ಒಂದೇ ಗಾಲಿ ಪಡೆದಿರಿ. ಮೇವು ಬೇಡ, ಲದ್ದಿಯಿಲ್ಲ ಎಂದು ಜನ ಹೊಗಳಿದರು. ತಾವು ಸುರಿಸುವ ಎಣ್ಣೆಯ ಮಾತನ್ನು ಯಾರೂ ಎತ್ತಲಿಲ್ಲ.

ಬೇಸಿಗೆಯ ಮೆರವಣಿಗೆಯಲ್ಲಿ ಯಾರೂ ತಳ್ಳದೆ ಮಾರುಕಟ್ಟೆ ಚೌಕ ತಲುಪದಿದ್ದರೆ ತಮ್ಮನ್ನು ಪಬ್ಬಿನ ಅಂಗಳದಲ್ಲಿ ನಿಲ್ಲಿಸಿ, ಬೆನ್ನ ಮೇಲೆ ಮಣ್ಣು ತುಂಬಿ ಹೂಗಿಡ ನೆಡುವುದಾಗಿ ನಮ್ಮ ಹಳೆಯ ವಾಹನಗಳ ಸಂಘದ ಅಧ್ಯಕ್ಷ ಪಿಕರ್‌ಗಿಲ್ ಸಾರಿದ್ದನ್ನು ತಾವೂ ಕೇಳಿದ್ದಿರಿ. ಆದರೂ ಚರ್ಚ್ ಬೀದಿಯ ಏರಿನಲ್ಲಿ, ಮುಂದೆ ಮೇಯರಮ್ಮ, ಹಿಂದೆ ಬ್ಯಾಂಡಿನವರು ಇರುವಾಗ, ಒಮ್ಮೆ ಕೆಮ್ಮಿ ನಿಂತುಬಿಟ್ಟಿರಿ. ಎಂಥ ಗಾಂಭೀರ್ಯ!

ಬ್ಯಾಂಡಿನ ಹಿಂದೆ ತನ್ನ ಭಾರೀ ಕುದುರೆ ಬಾರ್ನಬಿಯೊಡನೆ ಬರುತ್ತಿದ್ದ ಮುದುಕಿ ವಿನ್ನಿಯನ್ನು ನಾನು, "ವಿನ್ನಿಯಮ್ಮ, ಒಂಚೂರು ಎಳ್ಸಿ ಪುಣ್ಯ ಕಟ್ಕೊಳ್ಳಿ" ಎಂದು ಬೇಡಿದೆ.

"ಎಳೀತಾನೆ ಬಿಡೋ. ಇವನ ಮುತ್ತಾತನ್ನ ಕೆಲ್ಸದಿಂದ ಓಡ್ಸಿದ್ದು ಈ ತಗಡಿನ ಡಬ್ಬಾನೇ ಅಲ್ವಾ? ಮೊದ್ಲು ಟೋಪಿ ತೆಗ್ದು ಇವನಿಗೆ ಸಾರಿ ಕೇಳು, ಕ್ಲೈವ್!"

ನಮ್ಮೂರಿನವರು ಕಾಲು ತುಳಿಸಿಕೊಂಡು ತಾವೇ ಸಾರಿ ಅನ್ನುವ ಜನ. ನಾನು ಟೋಪಿ ತೆಗೆದದ್ದೇ ತಡ, ಬ್ಯಾಂಡಿನವರೂ ತೆಗೆದರು. ಮೇಯರಮ್ಮ ಅಧಿಕಾರದ ಸರ ನೆಲಕ್ಕೆ ತಾಗುವಂತೆ ಬಾಗಿದರು. ಬಸ್ಸಿಗೆ ಕಾಯುತ್ತಿದ್ದವರು ಏನೆಂದು ತಿಳಿಯದೆಯೇ "ಸಾರಿ, ಸಾರಿ" ಅಂದರು. ಬಾರ್ನಬಿ ಸ್ವಲ್ಪ ಯೋಚಿಸಿ, ನನ್ನ ಟೋಪಿಯ ಅಂಚು ಮೆದ್ದು, ತಮ್ಮನ್ನು ಚೌಕದವರೆಗೂ ಎಳೆದ. ಮಕ್ಕಳು ಕುಣಿದರು, ವಿನ್ನಿಯಮ್ಮ ಅತ್ತೇಬಿಟ್ಟರು.

ಪಿಕರ್‌ಗಿಲ್ ಹಿಗ್ಗಿ ತೀರ್ಪು ಕೊಟ್ಟರು: "ಯಾರೂ ತಳ್ಳಿಲ್ಲ, ಎಳ್ದಿದ್ದಾರೆ. ಹೂಗಿಡ ಕ್ಯಾನ್ಸಲ್! ಇನ್ಮೇಲೆ ವರ್ಷಾವರ್ಷ ಹಿಂಗೇ. ತಾನೇ ಓಡೋ ಲಾರಿ ನೋಡೋಕೆ ಯಾರ್ ಬರ್ತಾರೆ? ಓಡಿದ್ರೆ ಮತ್ತೆ ಹೂಗಿಡನೇ. ಕ್ಲೈವ್, ಎಂಜಿನ್ ಮುಟ್ಟಿದ್ರೆ ನೋಡು!"

ವರ್ಷಗಟ್ಟಲೆ ತಮ್ಮ ಹೊಟ್ಟೆಯ ಕೆಳಗೆ ಮಲಗಿ ಮುಖಕ್ಕೆ ಎಣ್ಣೆ ಸುರಿಸಿಕೊಂಡ ನನಗೆ ಸಿಕ್ಕ ಸನ್ಮಾನವಿದು! ಆದ್ದರಿಂದ ತಾವು ಮುಂದೆಯೂ ಅದೇ ಏರಿನಲ್ಲಿ, ಅಷ್ಟೇ ಸೊಗಸಾಗಿ ಕೆಟ್ಟು ನಿಲ್ಲುವ ಕೃಪೆ ಮಾಡಬೇಕು. ಸಾಧ್ಯವಾದರೆ ಬಾರ್ನಬಿಗೆ ತಾವೂ ಒಂದು "ಸಾರಿ" ಹೇಳಬೇಕು. ಹಾರ್ನ್ ಆದರೂ ಸಾಕು.

ತಳ್ಳುವ ಕೆಲಸವನ್ನೂ ಕಳೆದುಕೊಂಡ ತಮ್ಮ ವಿಶ್ವಾಸಿ,
ಕ್ಲೈವ್ ಆಗ್ಡೆನ್

ತಾ.ಕ.: ಇವತ್ತು ಬೆಳಿಗ್ಗೆ ಎಂಜಿನ್ನಿಗೆ ವಿದಾಯ ಹೇಳೋಣವೆಂದು ಕೀಲಿ ತಿರುಗಿಸಿದರೆ, ತಾವು ಒಂದೇ ಏಟಿಗೆ ಗುಡುಗಿದಿರಿ. ಕಿಟಕಿಯಲ್ಲಿ ಇಣುಕಿದ ಪಿಕರ್‌ಗಿಲ್‌ಗೆ ಅದು ನನ್ನ ಕೆಮ್ಮೆಂದು ಹೇಳಿದ್ದೇನೆ. ಅವರು ಅದನ್ನು ಬೆರಿಲ್‌ಗೆ ಹೇಳಿಬಿಟ್ಟರು, ಅವಳೀಗ ನನ್ನನ್ನು ಡಾಕ್ಟರ ಬಳಿಗೆ ಎಳೆದೊಯ್ಯುತ್ತಿದ್ದಾಳೆ. ಬೆನ್ನ ಮೇಲೆ ಹೂಗಿಡ ಬೇಡವೆಂದಾದರೆ, ದಯವಿಟ್ಟು ಬಾಯಿ ಮುಚ್ಚಿಕೊಂಡು ಕೆಟ್ಟೇ ಇರಿ.